ಡೀನ್ ಸಾಹೇಬರು ಅಕ್ಸೆಪ್ಟ್ ಮಾಡಿದ್ದಾರೆ

ಮನುಷ್ಯನ ಸಿಟ್ಟು ಎಷ್ಟೇ ದೊಡ್ಡದಿರಲಿ, ಕಾಲ ಕಳೆದ ಹಾಗೆ ತಾನಾಗಿಯೇ ಕರಗಿ ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನದು ಕರಗಲಿಲ್ಲ. ನಾನು ದಿನವೆಲ್ಲ ಏಸಿ ಕೋಣೆಯಲ್ಲಿ ಕೂಡುವವನು. ಅಲ್ಲಿಟ್ಟ ಪದಾರ್ಥ ಕೆಡುವುದಿಲ್ಲ.

ಅದು ಒಂದು ಖಾಸಗಿ ವಿಶ್ವವಿದ್ಯಾಲಯದ ಸರ್ವರ್ ಕೋಣೆ. ಜಮಖಂಡಿಯಿಂದ ಮುಧೋಳದ ಕಡೆಗೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಹೊಲಗಳ ನಡುವೆ ನಮ್ಮ ಮುಖ್ಯ ಕ್ಯಾಂಪಸ್ಸು. ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಒಂದೊಂದು ಸಣ್ಣ ಕ್ಯಾಂಪಸ್ಸು. ನಾಲ್ಕೂ ಕಡೆಯ ಮೇಲ್ ಒಂದೇ ಯಂತ್ರದ ಮೂಲಕ ಹಾಯ್ದು ಹೋಗುತ್ತಿತ್ತು. ಆ ಯಂತ್ರವನ್ನು ನೋಡಿಕೊಳ್ಳುವವನು ನಾನು.

ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ಹೊರಗಿನಿಂದ ಒಂದು ಪರಿಶೀಲನಾ ತಂಡ ಬಂದಿತ್ತು. ಅವರ ಮುಂದೆ ವಿವರ ಮಂಡಿಸಬೇಕಾದವರು ನಮ್ಮ ಡೀನ್ ಸಾಹೇಬರು. ತಂಡದವರು ಎರಡು ಸಲ ಚಹಾ ಕುಡಿದು, ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡಿ ಮುಗಿಸಿದರೂ ಡೀನರು ಬರಲಿಲ್ಲ. ಊಟದ ಹೊತ್ತಿಗೆ ಬಂದರು. ತುಂಬಿದ ಸಭೆಯಲ್ಲಿ ಕುಲಪತಿಗಳು ಕೇಳಿದಾಗ ಅವರು ಶಾಂತವಾಗಿ ಹೇಳಿದರು, "ಸರ್, ನನಗ ಮೇಲ್ ಬಂದಿಲ್ಲರಿ."

ನಾನು ಓಡಿಹೋಗಿ ಸರ್ವರಿನ ದಾಖಲೆಯನ್ನು ಪ್ರಿಂಟ್ ತೆಗೆದುಕೊಂಡು ಬಂದೆ. ಕುಲಪತಿಗಳು ಹಾಳೆಯನ್ನು ನೆಟ್ಟಗೆ ಒಮ್ಮೆ, ತಲೆಕೆಳಗೆ ಒಮ್ಮೆ ಹಿಡಿದು ನೋಡಿದರು.

"ಇದರಾಗ ಎಲ್ಲೈತ್ರಿ?"

"ಈ ಸಾಲು ನೋಡ್ರಿ ಸರ್. ಡೀನ್ ಸಾಹೇಬ್ರ ಪೆಟ್ಟಿಗಿಗೆ ಮುಟ್ಟೇತಿ ಅಂತ ಬರದೈತಿ."

ಡೀನರು ಕುರ್ಚಿಗೆ ಆತುಕೊಂಡು ಕುಳಿತರು. "ಅದು ಮಷೀನ್ ಹೇಳೂ ಮಾತ್ರಿ ಸರ್. ನಾ ಮನಷ್ಯಾ ಇದ್ದೀನಿ, ನಾ ಹೇಳಾಕತ್ತೇನಿ, ಬಂದಿಲ್ಲ. ಇವರ ಸರ್ವರ್ ಮೇಲ್ ತಿಂತೈತಿ. ತಿಂದು ತೇಗತೈತಿ."

ಸಭೆ ನಕ್ಕಿತು. ತಂಡದವರೂ ನಕ್ಕರು. ಮರುದಿನ ನನಗೆ ಮೆಮೊ ಬಂತು: ಸರ್ವರ್ ನಿರ್ವಹಣೆಯಲ್ಲಿ ಗಂಭೀರ ಲೋಪ. ಅದು ನನ್ನ ಸೇವಾ ಪುಸ್ತಕದಲ್ಲಿ ಸೇರಿಕೊಂಡಿತು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದಲ್ಲಿ ಯಾವ ಕೆಲಸ ಆಗದಿದ್ದರೂ ಕಾರಣ ಸಿದ್ಧವಾಗಿರುತ್ತಿತ್ತು. ರಜೆ ಅರ್ಜಿ ಕೊಡದವರು, ಅಂಕ ಕಳಿಸದವರು ಎಲ್ಲರೂ "ಸರ್ವರ್ ತಿಂದಿರಬೇಕ್ರಿ" ಎನ್ನುತ್ತಿದ್ದರು. ಕ್ಯಾಂಟೀನಿನವನು ಕೂಡ, "ಏನ್ರಿ ಸಿಸ್ಟಮ್ ಸಾಹೇಬ್ರ, ಇವತ್ತ ನಿಮ್ಮ ಸರ್ವರ್ ಉಪಾಸ ಐತೋ, ಉಂಡೈತೋ?" ಎಂದು ಕೇಳಿದ.

ನನಗೆ ಬೇಕಾದದ್ದು ಎರಡೇ ಶಬ್ದ. "ಮೇಲ್ ಬಂದಿತ್ತು." ಅದೇ ಬಾಯಿಂದ, ಅದೇ ಕುಲಪತಿಗಳ ಮುಂದೆ. ಅದು ಸಿಗುವವರೆಗೆ ಆ ಮೆಮೊ ಅಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅವಕಾಶ ತಾನಾಗಿ ಬಂತು, ಆದರೆ ಬಹಳ ಕೆಟ್ಟ ವೇಷದಲ್ಲಿ. ಮೇಲ್ ಮತ್ತು ಕ್ಯಾಲೆಂಡರಿಗೆ ಹೊಸ ತಂತ್ರಾಂಶ ಆಯ್ಕೆ ಮಾಡಲು ಸಮಿತಿಯೊಂದನ್ನು ರಚಿಸಿ ಆದೇಶ ಹೊರಟಿತು. ಅಧ್ಯಕ್ಷರು ಡೀನ್ ಸಾಹೇಬರು. ಸದಸ್ಯರು ಇಬ್ಬರು: ಮುಧೋಳ ಕ್ಯಾಂಪಸ್ಸಿನ ಪ್ರಾಚಾರ್ಯರು ಮತ್ತು ಬನಹಟ್ಟಿ ಕ್ಯಾಂಪಸ್ಸಿನ ಗ್ರಂಥಪಾಲಕರಾದ ಒಬ್ಬ ಮೇಡಂ. ನಾನು ಸದಸ್ಯ ಕಾರ್ಯದರ್ಶಿ. ಸದಸ್ಯ ಕಾರ್ಯದರ್ಶಿ ಎಂದರೆ ಕೆಲಸವೆಲ್ಲ ಅವನದು, ಮತ ಮಾತ್ರ ಅವನದಲ್ಲ.

ಮೊದಲ ಸಭೆಯಲ್ಲೇ ಡೀನರು ತೀರ್ಪು ಕೊಟ್ಟಾಗಿತ್ತು. "ನಮ್ಮಲ್ಲಿ ಸರ್ವರ್ ಯಾಕ ಬೇಕ್ರಿ? ಹೊರಗಿನ ಕಂಪನಿಯವರು ಎಲ್ಲಾ ತಮ್ಮಲ್ಲೇ ಇಟ್ಕೊಂಡು ನಡಸ್ತಾರ. ನಾವು ಬರೇ ಪಾಸ್‌ವರ್ಡ್ ಹಾಕಿ ಕುಂತರಾತು." ಆಮೇಲೆ ನನ್ನ ಕಡೆ ಬಹಳ ಮಮತೆಯಿಂದ ನೋಡಿದರು. "ನಿಮ್ಮನ್ನೇನ್ ಬಿಡಂಗಿಲ್ಲರಿ ನಾವು. ಬೀಳಗಿಯೊಳಗ ಪ್ರೊಜೆಕ್ಟರ್ ನೋಡ್ಕೊಳ್ಳಾಕ ಒಬ್ಬರು ಬೇಕಾಗ್ಯಾರ. ಬೀಳಗಿ ಹವಾ ಛಲೋ ಐತಿ."

ಹೀಗೆ ಸರ್ವರೂ ನಾನೂ ಒಂದೇ ಕಂಬಕ್ಕೆ ಕಟ್ಟಿಸಿಕೊಂಡೆವು. ಆದರೂ ನಿಯಮದ ಪ್ರಕಾರ ಎಲ್ಲ ಆಯ್ಕೆಗಳನ್ನು ಕೆಲವು ದಿನ ಬಳಸಿ ನೋಡಿದ ಮೇಲೆಯೇ ನಿರ್ಧಾರ ಆಗಬೇಕಿತ್ತು. ನಿಯಮ ಎಂಬುದು ಅಷ್ಟರ ಮಟ್ಟಿಗೆ ಬಡವನ ಬಂಧು.

ಆಯ್ಕೆ ಮೂರಿದ್ದವು. ಒಂದು, ಡೀನರು ಹೇಳಿದ ಹೊರಗಿನ ಕಂಪನಿಯ ಸೇವೆ. ಎರಡು, ಮೇಲ್, ಕ್ಯಾಲೆಂಡರ್, ವಿಳಾಸಗಳು ಎಲ್ಲ ಒಂದೇ ಕಡೆ ಇರುವ, ನಮ್ಮ ಸರ್ವರಿನ ಮೇಲೆಯೇ ಕೂಡಿಸಬಹುದಾದ ಮುಕ್ತ ತಂತ್ರಾಂಶ. ಮೂರು, ಈಗಿನ ಮೇಲನ್ನು ಹಾಗೆಯೇ ಇಟ್ಟು ಕ್ಯಾಲೆಂಡರನ್ನು ಬೇರೆ ಹಾಕುವುದು. ಮೂರನೆಯದಕ್ಕೆ ಎರಡು ಪಾಸ್‌ವರ್ಡ್ ಬೇಕು ಎಂದು ಗೊತ್ತಾದ ಕೂಡಲೇ ಮುಧೋಳದ ಪ್ರಾಚಾರ್ಯರು ಕೈ ಮುಗಿದರು. "ಒಂದ ನೆನಪ ಇಟಗೊಳ್ಳಾಕ ಮನಿಯವರನ್ನ ಕೇಳಬೇಕ್ರಿ, ಎರಡ ಎಲ್ಲಿಂದ ತರೂದು?" ಮೂರನೆಯದು ಅಲ್ಲಿಗೆ ತೀರಿಕೊಂಡಿತು.

ಮೊದಲು ನಮ್ಮ ಸರ್ವರಿನದನ್ನು ಪರೀಕ್ಷೆಗೆ ಹಚ್ಚಿದೆ. ಹಳೆಯ ಮೇಲುಗಳನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿಸಿದೆ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಕ್ಯಾಲೆಂಡರ್ ಕಾಣುವ ಹಾಗೆ ಪ್ರತಿಯೊಬ್ಬರ ಫೋನ್ ಇಸಿದುಕೊಂಡು ಜೋಡಿಸಿಕೊಟ್ಟೆ. ಹಳೆಯ ಸುತ್ತೋಲೆಗಳೆಲ್ಲ ಯೂನಿಕೋಡ್ ಬರುವ ಮುಂಚಿನ ಅಕ್ಷರಗಳಲ್ಲಿದ್ದವು. ಹುಡುಕಿದರೆ ಸಿಗುತ್ತಿರಲಿಲ್ಲ, ತೆರೆದರೆ ಮಂತ್ರವಾದಿಯ ಚೀಟಿಯ ಹಾಗೆ ಕಾಣುತ್ತಿದ್ದವು. ಅವನ್ನು ಪರಿವರ್ತಿಸುವ ಸಣ್ಣ ಪ್ರೋಗ್ರಾಮ್ ಬರೆಯುವುದರಲ್ಲಿ ಕಣ್ಣು ಕೆಂಪಾದವು.

ಇಷ್ಟೆಲ್ಲ ಆದ ಮೇಲೆ ಮೊದಲ ಆಮಂತ್ರಣ ಕಳಿಸಿದೆ: ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಯಾರೂ ಬರಲಿಲ್ಲ. ಸಂಜೆ ನಾಲ್ಕೂವರೆಗೆ ಮುಧೋಳದ ಪ್ರಾಚಾರ್ಯರು ಬೆವರೊರೆಸಿಕೊಳ್ಳುತ್ತ ಬಂದರು. "ಫೋನಿನ್ಯಾಗ ನಾಕೂವರಿ ಅಂತ ಐತೆಲ್ರಿ!" ತಂತ್ರಾಂಶ ತಾನು ಲಂಡನ್ನಿನ ಗಡಿಯಾರದ ಕೆಳಗೆ ಕುಳಿತಿದ್ದೇನೆ ಎಂದುಕೊಂಡಿತ್ತು, ಫೋನುಗಳು ಜಮಖಂಡಿಯಲ್ಲಿದ್ದವು. ಅಲ್ಲಿಗೂ ಇಲ್ಲಿಗೂ ಇರುವ ಐದೂವರೆ ತಾಸನ್ನು ಅವು ಪ್ರಾಮಾಣಿಕವಾಗಿ ಕೂಡಿಸಿದ್ದವು. ಒಂದು ಸಾಲು ಬದಲಿಸಿದೆ, ಸರಿಹೋಯಿತು. ಡೀನರು ಮಾತ್ರ ಅದನ್ನು ಟಿಪ್ಪಣಿ ಮಾಡಿಸಿದರು: "ಮೊದ್ಲ ಮೇಲ್ ತಿಂತಿತ್ತು, ಈಗ ತಾಸು ತಿನ್ನಾಕ ಸುರು ಮಾಡೇತಿ."

ಎರಡನೆಯ ಆಮಂತ್ರಣಕ್ಕೆ ಸಮಯ ಸರಿ ಇತ್ತು. ನಾಲ್ಕೂ ಕ್ಯಾಂಪಸ್ಸಿನ ವಿಭಾಗ ಮುಖ್ಯಸ್ಥರನ್ನೆಲ್ಲ ಕರೆದಿದ್ದೆ. ಎಲ್ಲರ ಹೆಸರಿನ ಮುಂದೆ ಹಸಿರು ಟಿಕ್ ಬಿದ್ದವು. ಎಲ್ಲರೂ ಅಕ್ಸೆಪ್ಟ್. ನಾನು ಹಿಗ್ಗಿ ದೊಡ್ಡ ಸಭಾಂಗಣ ತೆಗೆಸಿದೆ, ಚಹಾ ಹೇಳಿದೆ. ಸಭೆಗೆ ಬಂದವರು ನಾನು, ಬನಹಟ್ಟಿಯ ಮೇಡಂ ಮತ್ತು ಚಹಾ.

ಮುಧೋಳದ ಪ್ರಾಚಾರ್ಯರಿಗೆ ಫೋನ್ ಹಚ್ಚಿದೆ. "ಸರ್, ಅಕ್ಸೆಪ್ಟ್ ಒತ್ತಿದ್ರೆಲ್ಲ?"

"ಒತ್ತದ ಏನ್ ಮಾಡ್ಲಿ? ನೀವು ಕರದೀರಿ. ಕರದವರಿಗೆ ಒಲ್ಲೆ ಅನ್ನೂದು ಹೆಂಗ್ರಿ? ಲಗ್ನಪತ್ರಿಕಿ ಕೊಡಾಕ ಬಂದವರ ಮಾರಿ ಮ್ಯಾಲ ‘ನಾ ಬರೂದಿಲ್ಲ’ ಅಂತೀರೇನು ನೀವು? ‘ಬರತೇವ್ರಿ, ಬರತೇವಿ’ ಅಂತೀರಿ. ಆಮ್ಯಾಲ ಆದ್ರ ಹೋಗೂದು, ಇಲ್ಲಾಂದ್ರ ಇಲ್ಲ."

ಇದಕ್ಕೆ ತಂತ್ರಾಂಶದಲ್ಲಿ ಯಾವ ಬದಲಾವಣೆಯೂ ಸಾಧ್ಯವಿರಲಿಲ್ಲ. ಆಮಂತ್ರಣದ ಕೆಳಗೆ ಮೂರು ಗುಂಡಿ ಇರುತ್ತವೆ: ಬರುತ್ತೇನೆ, ಬರಬಹುದು, ಬರುವುದಿಲ್ಲ. ನಮ್ಮ ನಾಲ್ಕು ತಾಲೂಕಿನಲ್ಲಿ ಮೂರನೆಯದನ್ನು ಒತ್ತುವವನು ಹುಟ್ಟಿಲ್ಲ. ಎರಡನೆಯದು ಅನುಮಾನಕ್ಕೆ ದಾರಿ. ಹಾಗಾಗಿ ಎಲ್ಲರೂ ಮರ್ಯಾದೆಯಿಂದ ಮೊದಲನೆಯದನ್ನು ಒತ್ತಿ, ಅಷ್ಟೇ ಮರ್ಯಾದೆಯಿಂದ ಮನೆಯಲ್ಲಿ ಉಳಿಯುತ್ತಿದ್ದರು.

ನಂತರ ಹೊರಗಿನ ಕಂಪನಿಯ ಪಾಳಿ. ಹುಬ್ಬಳ್ಳಿಯಿಂದ ಅವರ ಮಾರಾಟಗಾರ ಬಂದು ಎಲ್ಲ ತೋರಿಸಿದ. ಚೆಂದವಿತ್ತು, ನಾನು ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರೊಂದು, ಎರಡು ಟ್ರೇಲರ್ ಕಬ್ಬನ್ನು ಆಕಾಶಕ್ಕೆ ಮುಟ್ಟುವ ಹಾಗೆ ಹೇರಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಬಂದು, ನಮ್ಮ ಗೇಟಿನ ಮುಂದೆ ರಸ್ತೆಗೆ ಅಡ್ಡ ಇದ್ದ ಇಂಟರ್ನೆಟ್ ಕೇಬಲನ್ನು ಮಾಲೆಯ ಹಾಗೆ ಧರಿಸಿಕೊಂಡು ಹೋಯಿತು. ಹೊರಗಿನ ಸೇವೆ ಹೊರಗೇ ಉಳಿಯಿತು. ಒಂದೇ ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ಮೇಲ್ ಹೋಗಲಿಲ್ಲ. ನಮ್ಮ ಸರ್ವರ್ ಇದ್ದಿದ್ದರೆ ಆ ಕ್ಯಾಂಪಸ್ಸಿನ ಒಳಗಿನ ಮೇಲಾದರೂ ನಡೆಯುತ್ತಿತ್ತು. ಕಬ್ಬಿನ ಹಂಗಾಮು ಮುಗಿಯುವವರೆಗೆ ಇದು ವಾರಕ್ಕೊಮ್ಮೆ ಆಗುವ ಮಾತು. ನಾನು ಇದನ್ನು ಬರವಣಿಗೆಯಲ್ಲಿ ಕೊಟ್ಟೆ.

"ಕೇಬಲ್ ಹರದದ್ದು ಕಂಪನಿ ತಪ್ಪೇನ್ರಿ?" ಎಂದರು ಡೀನರು. "ಅದು ಟ್ರ್ಯಾಕ್ಟರದವನ ತಪ್ಪು. ನಿಮ್ಮದರಾಗ ಎಲ್ಲಾರೂ ಬರತೇನಂತ ಒತ್ತಿ ಒಬ್ಬರೂ ಬರಲಿಲ್ಲಲ್ಲ, ಅದು ನಿಮ್ಮ ಸಾಫ್ಟ್‌ವೇರ್ ತಪ್ಪು." ಹೊರಗಿನ ಸೇವೆಯನ್ನು ಶಿಫಾರಸು ಮಾಡುವ ಕರಡನ್ನು ಅವರು ತಾವೇ ಬರೆಸಿಬಿಟ್ಟರು. ಅಂತಿಮ ಸಭೆಗೆ ದಿನಾಂಕ ಗೊತ್ತುಮಾಡುವುದೊಂದು ನನಗೆ ಉಳಿಯಿತು.

ಅಂದು ಕೋಣೆಗೆ ಬಂದು, ಸೋತವನ ಹಾಗೆ, ಪರೀಕ್ಷೆಯ ಹಳೆಯ ಆಮಂತ್ರಣಗಳನ್ನು ತೆರೆದು ನೋಡುತ್ತ ಕುಳಿತೆ. ಡೀನ್ ಸಾಹೇಬರ ಹೆಸರಿನ ಮುಂದೆ ಹಸಿರು ಟಿಕ್. ಮುಂದಿನದು, ಹಸಿರು. ಅದರ ಮುಂದಿನದು, ಹಸಿರು. ಅವರು ಒಂದು ಮೇಲನ್ನೂ ಓದಿದವರಲ್ಲ. ಆದರೆ ಫೋನಿನಲ್ಲಿ ಆಮಂತ್ರಣ ಇಣುಕಿದ ಕೂಡಲೇ, ಸೊಳ್ಳೆ ಹೊಡೆಯುವವರ ಹಾಗೆ, ಹೆಬ್ಬೆರಳಿನಿಂದ ಅಕ್ಸೆಪ್ಟ್ ಒತ್ತಿ ಜೇಬಿಗೆ ಹಾಕುತ್ತಿದ್ದರು.

ಆಗ ನನಗೆ ತಿಳಿಯಿತು. ಸರ್ವರಿನ ದಾಖಲೆ ಮಷೀನಿನ ಮಾತು, ಒಪ್ಪಿಕೊಂಡೆ. ಆದರೆ ಅಕ್ಸೆಪ್ಟ್ ಮನುಷ್ಯನ ಮಾತು. ಅದು ಅವರ ಬೆರಳಿನಿಂದ, ಅವರ ಹೆಸರಿನಲ್ಲಿ ಹಿಂದಿರುಗಿ ಬರುತ್ತದೆ. ಬಂದಿಲ್ಲದ ಆಮಂತ್ರಣವನ್ನು ಯಾರೂ ಒಪ್ಪಲಾರರು. ಇಷ್ಟು ದಿನ ನಾನು ರೋಗ ಅಂದುಕೊಂಡಿದ್ದೇ ಔಷಧವಾಗಿತ್ತು.

ದಿನಾಂಕದ ವಿಷಯಕ್ಕೆ ಬರುತ್ತೇನೆ. ನಾನು ಇರುವುದು ಚಿಮ್ಮಡದಲ್ಲಿ. ನಮ್ಮೂರ ಹತ್ತಿರವೇ ಡೀನರ ಕಬ್ಬಿನ ಹೊಲ. ಬಸ್ಸಿನ ಕಿಟಕಿಯಿಂದ ದಿನಾ ಕಾಣುತ್ತದೆ. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಗುಡಿಸಲು ಹಾಕಿದ್ದರು. ಒಂದು ಸಂಜೆ ಅಲ್ಲಿಯೇ ಇಳಿದು, ಬೀಡಿ ಸೇದುತ್ತ ಕುಳಿತಿದ್ದ ಅವರ ಹಿರಿಯನನ್ನು ಕೇಳಿದೆ.

"ಇದ ಮುಗದ ಮ್ಯಾಲ ಯಾರದೋ ಮಾರಾಯಾ?"

"ಡೀನ್ ಸಾಹೇಬ್ರದು. ಗುರುವಾರ ಹಚ್ಚತೇವ್ರಿ. ಅವರೂ ಬರತೇನಿ ಅಂದಾರ."

ಹೊಲ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಗ್ಯಾಂಗ್ ಬಂದ ದಿನ ಹೊಲದಲ್ಲಿ ಯಜಮಾನ ನಿಲ್ಲದಿದ್ದರೆ ಅದು ಮುಂದಿನವರ ಹೊಲಕ್ಕೆ ಹೋಗುತ್ತದೆ. ಕುಲಪತಿ ಕರೆದರೂ ಅಷ್ಟೇ, ಸ್ವಂತ ಮದುವೆಯಿದ್ದರೂ ಅಷ್ಟೇ. ಅಂತಿಮ ಸಭೆಯನ್ನು ಗುರುವಾರ ಹನ್ನೊಂದಕ್ಕೆ ಗೊತ್ತುಮಾಡಿದೆ. ಯಾಕೆ ಗುರುವಾರ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಡಳಿತಾತ್ಮಕ ಅನುಕೂಲ ಎನ್ನುವವನಿದ್ದೆ.

ಆಮಂತ್ರಣದ ವಿವರದಲ್ಲಿ ಎರಡು ಸಂಗತಿ ಸ್ಪಷ್ಟವಾಗಿ ಬರೆದೆ. ಮಾನ್ಯ ಕುಲಪತಿಗಳು ಉಪಸ್ಥಿತರಿರುತ್ತಾರೆ. ಅಧ್ಯಕ್ಷರು ಬಾರದಿದ್ದಲ್ಲಿ ಹಾಜರಿದ್ದ ಸದಸ್ಯರು ಕುಲಪತಿಗಳ ಅಪ್ಪಣೆಯಂತೆ ನಿರ್ಣಯ ಕೈಗೊಳ್ಳುತ್ತಾರೆ. ಅದನ್ನು ಓದಲು ಪರದೆಯನ್ನು ಬೆರಳಿನಿಂದ ಸ್ವಲ್ಪ ಮೇಲೆ ಸರಿಸಬೇಕಿತ್ತು. ಡೀನ್ ಸಾಹೇಬರು ಜನ್ಮದಲ್ಲಿ ಸರಿಸಿದವರಲ್ಲ. ಸೋಮವಾರ ಮಧ್ಯಾಹ್ನ ಕಳಿಸಿದೆ. ಚಹಾ ಆರುವ ಮೊದಲೇ ಹಸಿರು ಟಿಕ್ ಬಂತು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಮೇಲ್ ಹಾಕಿದವನು ಕೂಡಲೇ ಫೋನ್ ಮಾಡಿ "ಮೇಲ್ ಹಾಕೇನ್ರಿ, ನೋಡ್ರಿ" ಅನ್ನಬೇಕು. ಅಂದರೆ ಮಾತ್ರ ಅದು ಹಾಕಿದ ಹಾಗೆ. ಕುಲಪತಿಗಳ ಆಪ್ತ ಸಹಾಯಕರಿಗೆ ಮಾಡಿದೆ, ಮುಧೋಳಕ್ಕೆ ಮಾಡಿದೆ, ಬನಹಟ್ಟಿಗೆ ಮಾಡಿದೆ. ಬನಹಟ್ಟಿಯ ಮೇಡಂ ಕೇಳಿದರು, "ಡೀನ್ ಸಾಹೇಬ್ರಿಗೆ ಫೋನ್ ಮಾಡಿದ್ರೇನ್ರಿ?"

"ಮೇಲ್ ಹಾಕಿದ ಮ್ಯಾಲ ಫೋನ್ ಮಾಡಬೇಕಂತ ನಿಯಮದಾಗ ಇಲ್ಲರಿ ಮೇಡಂ."

"ಹ್ಞೂಂ. ಹಂಗೇನು," ಎಂದು ಮೇಡಂ ಫೋನ್ ಇಟ್ಟುಬಿಟ್ಟರು.

ಗುರುವಾರ ಕುಲಪತಿಗಳ ಕೋಣೆಯಲ್ಲಿ ನಾಲ್ಕು ಜನ ಕುಳಿತೆವು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಆ ದಿನದ ಆಮಂತ್ರಣವನ್ನು ತೋರಿಸಿದ್ದೆ. ಬೆಳಕು ಬರದಂತೆ ಕಿಟಕಿಯ ಪರದೆಯನ್ನೂ ಎಳೆದಿದ್ದೆ. ಕುಲಪತಿಗಳು ಗಡಿಯಾರ ನೋಡಿದರು, ಖಾಲಿ ಕುರ್ಚಿ ನೋಡಿದರು, ತಾವೇ ಫೋನ್ ಹಚ್ಚಿದರು. ಅವರಿಗೆ ಫೋನನ್ನು ಸ್ಪೀಕರಿಗೆ ಹಾಕಿ, ರೊಟ್ಟಿ ಬಡಿಯುವವರ ಹಾಗೆ ಅಂಗೈ ಮೇಲೆ ಹಿಡಿದು ಮಾತಾಡುವ ರೂಢಿ. ಮೊದಲು ಕೇಳಿಸಿದ್ದು ಟ್ರ್ಯಾಕ್ಟರಿನ ಹಾಡು.

"ಎಲ್ಲಿದ್ದೀರಿ ಡೀನ್ ಸಾಹೇಬ್ರ?"

"ಇಲ್ಲೇ ಸರ್, ಹೊಲದಾಗ. ಗ್ಯಾಂಗ್ ಬಂದೈತ್ರಿ. ಏನ್ ಅಪ್ಪಣಿ?"

"ಇವತ್ತ ಅಂತಿಮ ಸಭಾ ಐತ್ರಿ. ನೀವ ಅಧ್ಯಕ್ಷರು. ನಾ ಬಂದು ಕುಂತೇನಿ."

ಹಾಡು ದೂರವಾಯಿತು, ಡೀನರು ಬದುವಿನ ಮೇಲೆ ನಡೆದು ಬಂದಿರಬೇಕು. "ಇವತ್ತೇನ್ರಿ? ನನಗ ಮೇಲ್ ಬಂದಿಲ್ಲರಿ ಸರ್! ನೋಡ್ರಿ, ನಾ ಮೊದ್ಲಿಂದ ಹೇಳಾಕತ್ತೇನಿ, ಆ ಸರ್ವರ್ ತಿಂತೈತಿ ಅಂತ. ಅದಕ್ಕ ಹೊರಗಿಂದ ತಗೊಳೂಣು ಅಂತೇನಿ. ಇದಕ್ಕಿಂತ ಸಾಕ್ಷಿ ಏನ್ ಬೇಕ್ರಿ?"

ಕುಲಪತಿಗಳು ಗೋಡೆ ನೋಡಿದರು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

"ಇಲ್ಲಿ ನಿಮ್ಮ ಹೆಸರಿನ ಮುಂದ ಹಸರ ಟಿಕ್ ಐತೆಲ್ರಿ. ಅಕ್ಸೆಪ್ಟ್ ಅಂತ. ಸೋಮವಾರ ಮಧ್ಯಾನ. ಇದನ್ನ ಯಾರ್ ಒತ್ಯಾರ?"

"ಟಿಕ್ಕೇನ್ರಿ? ಅದೂ ಮಷೀನ ಮಾಡಿರಬೇಕ್ರಿ ಸರ್."

ಬನಹಟ್ಟಿಯ ಮೇಡಂ ಬಾಯಿ ಹಾಕಿದರು. "ಮಷೀನ್ ತಾನ ಒತ್ತಿದ್ರ ಎಲ್ಲಾರಿಗೂ ಒತ್ತಬೇಕಿತ್ತಲ್ಲರಿ ಸರ್. ನನ್ನ ಹೆಸರಿನ ಮುಂದ ನೋಡ್ರಿ, ಟಿಕ್ ಇಲ್ಲ. ನಾ ಒತ್ತಿಲ್ಲ. ಸೀದಾ ಬಂದೇನಿ."

"ಫೋನ್ ನಿಮ್ಮದ, ಒತ್ತಿದ ಬಟ್ಟೂ ನಿಮ್ಮದ ಹೌದಲ್ಲ ಸಾಹೇಬ್ರ?" ಎಂದರು ಕುಲಪತಿಗಳು.

"ಹೌದ್ರಿ ಸರ್... ನಾ ಎಲ್ಲಾಕ್ಕೂ ಒತ್ತತೇನ್ರಿ. ಕರದವರಿಗೆ ಒಲ್ಲೆ ಅನ್ನೂದು ಛಲೋ ಕಾಣೂದಿಲ್ಲ. ಬಂದದ್ದಕ್ಕೆಲ್ಲಾ ಒತ್ತಿ ಬಿಡತೇನಿ."

"ಬಂದದ್ದಕ್ಕ."

"ಹೌದ್ರಿ, ಬಂದ..." ಹಿಂದೆ ಯಾರೋ "ಸಾಹೇಬ್ರ, ಹಗ್ಗ ಎಲ್ಲೈತ್ರಿ?" ಎಂದು ಕೂಗಿದರು.

"ಅಂದ್ರ ಬಂದಿತ್ತು."

"ಬಂದಿತ್ರಿ ಸರ್."

ದೊಡ್ಡ ಮನುಷ್ಯರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು ಪೆನ್ನು ತೆಗೆದು, ಫೋನಿನ ಕಡೆ ಬಾಗಿ, ಅತ್ಯಂತ ವಿನಯದಿಂದ ಕೇಳಿದೆ. "ಸರ್, ನಡಾವಳಿಯೊಳಗ ಬರಕೋಬೇಕಾಗೇತ್ರಿ. ಏನ್ ಬಂದಿತ್ತು ಅಂತ ಬರೀಲಿ?"

ಫೋನ್ ಹಿಡಿದ ಕುಲಪತಿಗಳ ಅಂಗೈ ಅಲ್ಲಾಡಲಿಲ್ಲ.

"ಮೇಲ್ ಬಂದಿತ್ತು," ಎಂದರು ಡೀನ್ ಸಾಹೇಬರು.

ಬರೆದುಕೊಂಡೆ. ಅಕ್ಷರ ದುಂಡಾಗಿ ಬಂದವು.

"ಹಂಗಾರ ಪರಿಶೀಲನಾ ತಂಡದವರು ಬಂದಾಗಿನ ಮೇಲೂ ಬಂದಿತ್ತೇನ್ರಿ?" ಎಂದು ಕುಲಪತಿಗಳು ಕೇಳುವಷ್ಟರಲ್ಲಿ, "ಗ್ಯಾಂಗಿನವರು ಕರಿಯಾಕತ್ತಾರ್ರಿ ಸರ್," ಎಂದು ಫೋನ್ ಬಂದ್ ಆಯಿತು. ಕುಲಪತಿಗಳು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. ನಾನು ಮೆಮೊದ ಪ್ರತಿಯನ್ನು ಫೈಲಿನ ಮೇಲ್ಗಡೆಯೇ ಇಟ್ಟುಕೊಂಡಿದ್ದೆ. ಅವರು ಓದಿದರು, ಫೈಲನ್ನು ತಮ್ಮ ಕಡೆ ಎಳೆದುಕೊಂಡರು. ಕೇಬಲಿನ ಟಿಪ್ಪಣಿಯನ್ನೂ ಓದಿದರು. ಮುಧೋಳದ ಪ್ರಾಚಾರ್ಯರು ಮತ್ತು ಬನಹಟ್ಟಿಯ ಮೇಡಂ ನಮ್ಮ ಸರ್ವರಿನ ತಂತ್ರಾಂಶಕ್ಕೆ ಮತ ಹಾಕಿದರು. ಡೀನರು ಬರೆಸಿದ್ದ ಕರಡು ಹರಿದುಹೋಯಿತು.

ಆ ದಿನ ಬಸ್ಸಿನಲ್ಲಿ ಚಿಮ್ಮಡಕ್ಕೆ ಹೋಗುವಾಗ ಡೀನರ ಹೊಲ ಅರ್ಧ ಬೋಳಾಗಿತ್ತು. ಅವರು ಬದುವಿನ ಮೇಲೆ ಒಬ್ಬರೇ ನಿಂತಿದ್ದರು. ನನಗೆ ಪಾಪ ಅನಿಸಬೇಕಿತ್ತು. ಕಿಟಕಿಯ ಕಡೆಯ ಸೀಟು ಸಿಕ್ಕಿದ್ದು ಒಳ್ಳೆಯದಾಯಿತು ಎಂದಷ್ಟೇ ಅನಿಸಿತು.

ಸೇಡಿಗೆ ಒಂದು ವೆಚ್ಚವಿತ್ತು, ಅದು ಆಮೇಲೆ ಗೊತ್ತಾಯಿತು. ಆ ಸಭೆಯ ಸುದ್ದಿ ನಾಲ್ಕೂ ಕ್ಯಾಂಪಸ್ಸಿಗೆ ಮೇಲಿಗಿಂತ ಬೇಗ ಮುಟ್ಟಿತು. ಹೊಸ ತಂತ್ರಾಂಶ ಹಾಕಿ ಮೊದಲ ಆಮಂತ್ರಣ ಕಳಿಸಿದಾಗ ಒಬ್ಬರ ಹೆಸರಿನ ಮುಂದೆಯೂ ಟಿಕ್ ಬೀಳಲಿಲ್ಲ. ಎರಡನೆಯದಕ್ಕೂ ಇಲ್ಲ. ಮುಧೋಳದ ಪ್ರಾಚಾರ್ಯರು ನನ್ನ ಮುಂದೆಯೇ ಫೋನ್ ಚಾಚಿದರು. "ಇದರಾಗಿನ ಕ್ಯಾಲೆಂಡರ್ ತಗದ ಬಿಡ್ರಿ ಸಾಹೇಬ್ರ. ಒತ್ತಿದ್ರ ಸಾಕ್ಷಿ ಆಕೈತಿ, ಒತ್ತದಿದ್ರ ಅಪಮಾನ ಆಕೈತಿ. ಕಣ್ಣಿಗೆ ಬೀಳೂದ ಬ್ಯಾಡ."

ತೆಗೆದುಕೊಟ್ಟೆ. ಅವರ ಹಿಂದೆ ಉಳಿದವರೂ ಫೋನ್ ಹಿಡಿದುಕೊಂಡು ಸಾಲಾಗಿ ಬಂದರು.

ಮೆಮೊ ಹಿಂಪಡೆದ ಆದೇಶ ಬಂತು. ಬೀಳಗಿಗೆ ವರ್ಗಾವಣೆಯ ಮಾತು ನಿಂತಿತು. ವಿಶ್ವವಿದ್ಯಾಲಯದ ಮೇಲ್ ನಮ್ಮ ಸರ್ವರಿನ ಮೇಲೆ ನಡೆಯುತ್ತಿದೆ. ಕ್ಯಾಲೆಂಡರ್ ಭಾಗ ಬಂದ್ ಇದೆ. ಸಭೆಗೆ ಸಿಪಾಯಿ ಬಾಗಿಲಿಗೆ ಹೋಗಿ ಕರೆದು ಬರುತ್ತಾನೆ.